ಸ್ಟೆಲ್ಲಾರಿಸ್ ಆಡಬೇಕಾ? ಮೊದಲು ಮೂವತ್ತು ವರ್ಷ ದಾಟಿ ನೋಡಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ಊರಿನವರ ಬಾಯಲ್ಲಿ ಅದು ಎಂಸಿಎಫ್. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಅಲ್ಲಿ ಕೂತೇ ನೋಡಿಕೊಳ್ಳುತ್ತಾರೆ. ಆ ಆಂಟೆನಾಗಳನ್ನು ನೋಡುತ್ತಾ ಬೆಳೆದ ಹುಡುಗರಿಗೆ ಬಾಹ್ಯಾಕಾಶದ ಆಟ ಹಿಡಿಸಿದರೆ ಆಶ್ಚರ್ಯವೇನಿಲ್ಲ. ಆದರೆ ಸ್ಟೆಲ್ಲಾರಿಸ್ ಎಂಬ ಕಂಪ್ಯೂಟರ್ ಆಟ ಶುರು ಮಾಡಿ ಎರಡೇ ದಿನಕ್ಕೆ ಕೈಬಿಟ್ಟವರನ್ನು ಇಲ್ಲಿ ಸಾಕಷ್ಟು ಕಂಡಿದ್ದೇನೆ. ಆಟ ಕಷ್ಟ ಅಂತಲ್ಲ. ಎಲ್ಲವನ್ನೂ ಒಂದೇ ಸಲ ಕಲಿಯಲು ಹೊರಡುತ್ತಾರೆ, ತೊಂದರೆ ಅಲ್ಲೇ.

ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2016ರ ಮೇ ತಿಂಗಳಲ್ಲಿ ಈ ಆಟವನ್ನು ಬಿಡುಗಡೆ ಮಾಡಿತು. ಇಲ್ಲಿ ಗುರಿಯಿಟ್ಟು ಗುಂಡು ಹೊಡೆಯುವ ಕೆಲಸವಿಲ್ಲ. ಆಗಷ್ಟೇ ನಕ್ಷತ್ರಗಳ ನಡುವೆ ಓಡಾಡಲು ಕಲಿತ ಒಂದು ಸಾಮ್ರಾಜ್ಯಕ್ಕೆ ನೀವು ಯಜಮಾನರು. ಕಥೆ 2200ನೇ ಇಸವಿಯಲ್ಲಿ ಶುರುವಾಗುತ್ತದೆ, ನೂರಾರು ವರ್ಷ ನಡೆಯುತ್ತದೆ. ಹೊಸಬರು ಮೊದಲ ಮೂವತ್ತು ವರ್ಷ ಸಾಮ್ರಾಜ್ಯವನ್ನು ದಿವಾಳಿ ಮಾಡದೆ ನಡೆಸಿದರೆ ಸಾಕು. ಗೆಲ್ಲುವ ಮಾತು ಆಮೇಲೆ.

ಕೊಳ್ಳುವ ಮುನ್ನ

ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಮೂಲ ಆಟವೊಂದನ್ನೇ ಕೊಳ್ಳಿ. ಇದಕ್ಕೆ ಹೆಚ್ಚುವರಿ ಪ್ಯಾಕ್‌ಗಳು ರಾಶಿ ಇವೆ. ಎಲ್ಲ ಸೇರಿಸಿದರೆ ಜೇಬಿಗೆ ದೊಡ್ಡ ಕತ್ತರಿ. ಮೊದಲ ಆಟಕ್ಕೆ ಅವು ಒಂದೂ ಬೇಡ. ಸೇಲ್ ಸಮಯದಲ್ಲಿ ಮೂಲ ಆಟದ ಬೆಲೆ ಚೆನ್ನಾಗಿ ಇಳಿಯುತ್ತದೆ, ಕಾಯಬಹುದು. ಹಿಡಿಸದಿದ್ದರೆ, ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ. ಈ ಆಟದಲ್ಲಿ 2 ಗಂಟೆ ಮೆನು ಓದುವುದರಲ್ಲೇ ಹೋಗುತ್ತದೆ, ಹುಷಾರು.

ಇನ್ನೊಂದು ಮಾತು. 2025ರ ಮೇನಲ್ಲಿ ಬಂದ 4.0 ಆವೃತ್ತಿ ಗ್ರಹಗಳನ್ನು ನೋಡಿಕೊಳ್ಳುವ ಕ್ರಮವನ್ನೇ ಬದಲಾಯಿಸಿದೆ. ಅದಕ್ಕೂ ಹಿಂದಿನ ಯೂಟ್ಯೂಬ್ ವಿಡಿಯೊ ನೋಡಿದರೆ, ಅವರು ಒತ್ತುವ ಬಟನ್ ನಿಮ್ಮ ಪರದೆಯಲ್ಲಿ ಇರುವುದೇ ಇಲ್ಲ. ವಿಡಿಯೊದ ತಾರೀಕು ನೋಡಿಯೇ ಕೂರಿ.

ಮೊದಲ ಸಲ ಹೀಗೆ ಹೊಂದಿಸಿ

ಸಿದ್ಧ ಸಾಮ್ರಾಜ್ಯಗಳ ಪಟ್ಟಿಯಲ್ಲಿ ‘ಯುನೈಟೆಡ್ ನೇಷನ್ಸ್ ಆಫ್ ಅರ್ಥ್’ ಆರಿಸಿ. ಮನುಷ್ಯರೇ, ಭೂಮಿಯೇ, ನಮ್ಮದೇ ಸೂರ್ಯ. ಪಕ್ಕದಲ್ಲಿ ಆಲ್ಫಾ ಸೆಂಟಾರಿ, ಸಿರಿಯಸ್. ಹೆಸರುಗಳಾದರೂ ಪರಿಚಯದವು ಇದ್ದರೆ ಅರ್ಧ ಭಯ ಕಮ್ಮಿಯಾಗುತ್ತದೆ. ಸ್ವಂತ ಜನಾಂಗವೊಂದನ್ನು ಸೃಷ್ಟಿಸುವ ಆಸೆಯನ್ನು ಎರಡನೇ ಆಟಕ್ಕೆ ಇಟ್ಟುಕೊಳ್ಳಿ.

ಗ್ಯಾಲಕ್ಸಿ ಚಿಕ್ಕದಿರಲಿ. ಅತಿ ಚಿಕ್ಕದರಲ್ಲಿ 200 ನಕ್ಷತ್ರ, ಅತಿ ದೊಡ್ಡದರಲ್ಲಿ 1000. ಜನಸಂಖ್ಯೆ ಬೆಳೆದಂತೆ ಆಟ ನಿಧಾನವಾಗುತ್ತದೆ. ಹಳೆಯ ಲ್ಯಾಪ್‌ಟಾಪ್ ಆದರೆ 200 ಅಥವಾ 400 ಸಾಕು. ಕಷ್ಟದ ಮಟ್ಟ ಎಲ್ಲಕ್ಕಿಂತ ಕೆಳಗಿನದು. ಐರನ್‌ಮ್ಯಾನ್ ಆಫ್ ಇರಲಿ. ಅದು ಆನ್ ಆದರೆ ಬೇಕಾದಾಗ ಸೇವ್ ಮಾಡಿ ಹಿಂದಕ್ಕೆ ಹೋಗಲಾಗುವುದಿಲ್ಲ. ಟ್ಯುಟೋರಿಯಲ್ ಆನ್ ಇರಲಿ, ಒಂದು ರೋಬೋ ಬಂದು ಹೇಳಿಕೊಡುತ್ತದೆ. ಸ್ವಲ್ಪ ವಾಚಾಳಿ, ಸಹಿಸಿಕೊಳ್ಳಿ. ಸಕಲೇಶಪುರದ ಕಡೆಯವರು ಮಳೆಗಾಲದಲ್ಲಿ ಆಟೊಸೇವ್ ಬೇಗ ಬೇಗ ಆಗುವಂತೆ ಮಾಡಿಕೊಳ್ಳುವುದು ಒಳ್ಳೆಯದು. ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ ಅಲ್ವಾ.

ಸ್ಪೇಸ್ ಬಾರ್ ಒತ್ತಿ, ಆಮೇಲೆ ಯೋಚಿಸಿ

ಇಡೀ ಆಟದ ದೊಡ್ಡ ಆಯುಧ ಸ್ಪೇಸ್ ಬಾರ್. ಒತ್ತಿದರೆ ಕಾಲ ನಿಲ್ಲುತ್ತದೆ. ನಿಂತಾಗಲೂ ಆಜ್ಞೆ ಕೊಡಬಹುದು, ಓದಬಹುದು, ಎದ್ದು ಹೋಗಿ ಕಾಫಿ ಕುಡಿದು ಬರಬಹುದು. ಯಾವುದೇ ಕಿಟಕಿ ತೆರೆದುಕೊಂಡು ಅರ್ಥವಾಗದಿದ್ದರೆ ಮೊದಲು ನಿಲ್ಲಿಸಿ. ಪದದ ಮೇಲೆ ಮೌಸ್ ಇಟ್ಟರೆ ವಿವರಣೆ ಬರುತ್ತದೆ.

ಶುರುವಿನಲ್ಲಿ ನಿಮ್ಮ ಹತ್ತಿರ ಒಂದು ವಿಜ್ಞಾನ ನೌಕೆ, ಒಂದು ನಿರ್ಮಾಣ ನೌಕೆ, ಪುಟ್ಟ ಯುದ್ಧಪಡೆ ಇರುತ್ತವೆ. ವಿಜ್ಞಾನ ನೌಕೆಯನ್ನು ಪಕ್ಕದ ನಕ್ಷತ್ರಗಳ ಸರ್ವೆಗೆ ಕಳಿಸಿ. ಶಿಫ್ಟ್ ಹಿಡಿದು ಒಂದಾದ ಮೇಲೊಂದು ಕಡೆ ಕ್ಲಿಕ್ ಮಾಡಿದರೆ ಕೆಲಸಗಳು ಸರತಿಯಲ್ಲಿ ನಿಲ್ಲುತ್ತವೆ. ಎರಡನೇ ವಿಜ್ಞಾನ ನೌಕೆಯನ್ನು ಬೇಗ ಕಟ್ಟಿ. ಸರ್ವೆ ಆಗದ ಕಡೆ ಗಡಿ ಹಾಕಲು ಆಗುವುದಿಲ್ಲ. ನಿರ್ಮಾಣ ನೌಕೆಗೆ ಮೊದಲು ಸೌರಮಂಡಲದಲ್ಲೇ ಗಣಿ ಕಟ್ಟುವ ಕೆಲಸ ಕೊಡಿ.

ಸಂಶೋಧನೆ ಮೂರು ವಿಭಾಗಗಳಲ್ಲಿ ನಡೆಯುತ್ತದೆ. ಪ್ರತಿ ಸಲ ಕೆಲವು ಆಯ್ಕೆ ಮುಂದಿಡುತ್ತದೆ. ಗೊತ್ತಾಗದಿದ್ದರೆ ಬೇಗ ಮುಗಿಯುವುದನ್ನು ಆರಿಸಿ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಲೆಕ್ಕದ ಪಟ್ಟಿ

ತಲೆ ಕೆಡಿಸಿಕೊಳ್ಳಬೇಕಾದದ್ದು ಪರದೆಯ ಮೇಲಂಚಿನಲ್ಲಿದೆ: ವಿದ್ಯುತ್, ಖನಿಜ, ಆಹಾರ, ಗ್ರಾಹಕ ಸರಕು, ಅಲಾಯ್ (ಮಿಶ್ರಲೋಹ), ಇನ್‌ಫ್ಲುಯೆನ್ಸ್ (ಪ್ರಭಾವ). ಪ್ರತಿ ತಿಂಗಳ ಒಂದನೇ ತಾರೀಕು ಲೆಕ್ಕ ಜಮಾ ಆಗುತ್ತದೆ. ಪಕ್ಕದ ಹಸಿರು ಅಂಕಿ ಉಳಿತಾಯ, ಕೆಂಪು ಅಂಕಿ ನಷ್ಟ.

ಈ ಪಟ್ಟಿಯ ಒಳಗಿನ ಕೊಂಡಿ ತಿಳಿದರೆ ಅರ್ಧ ಆಟ ತಿಳಿದಂತೆ. ಗಣಿಯಿಂದ ಖನಿಜ ಬರುತ್ತದೆ. ಕಾರ್ಖಾನೆಯ ಕೆಲಸಗಾರರು ಅದನ್ನು ಕರಗಿಸಿ ಅಲಾಯ್ ಮಾಡುತ್ತಾರೆ. ಬೇರೆ ಕೆಲಸಗಾರರು ಅದೇ ಖನಿಜದಿಂದ ಗ್ರಾಹಕ ಸರಕು ಮಾಡುತ್ತಾರೆ. ಅಲಾಯ್ ಬೇಕಾಗುವುದು ಹಡಗಿಗೆ, ಹೊಸ ನಕ್ಷತ್ರವನ್ನು ಗಡಿಯೊಳಗೆ ಸೇರಿಸಲು ಕಟ್ಟುವ ಹೊರಠಾಣೆಗೆ. ಗ್ರಾಹಕ ಸರಕು ಹೋಗುವುದು ವಿಜ್ಞಾನಿಗಳಿಗೆ, ಜನರ ಜೀವನಮಟ್ಟಕ್ಕೆ. ಹಾಗಾಗಿ ಸಂಶೋಧನೆ ಜಾಸ್ತಿ ಆಗಲಿ ಎಂದು ಪ್ರಯೋಗಾಲಯ ಕಟ್ಟುತ್ತಾ ಹೋದರೆ ಗ್ರಾಹಕ ಸರಕು ಬರಿದಾಗುತ್ತದೆ. ಸರಕಿನ ಕಾರ್ಖಾನೆ ಕಟ್ಟಿದರೆ ಖನಿಜ ಬರಿದಾಗುತ್ತದೆ. ಎಲ್ಲದರ ಖರ್ಚಿಗೂ ಕೊನೆಗೆ ವಿದ್ಯುತ್ ಬೇಕು.

ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಇಲ್ಲೇ ಸಿಕ್ಕಿಕೊಂಡ. ಆಟದ 2214ನೇ ಇಸವಿ. ನಕಾಶೆಯಲ್ಲಿ ಅವನ ಬಣ್ಣವೇ ದೊಡ್ಡದಾಗಿ ಹರಡಿತ್ತು. ಆದರೆ ಮೇಲಂಚಿನಲ್ಲಿ ವಿದ್ಯುತ್ ಕೆಂಪು, ಗ್ರಾಹಕ ಸರಕು ಕೆಂಪು. “ಮಾವ, ಇಷ್ಟು ಜಾಗ ಇದೆ, ಒಂದು ಹಡಗು ಕಟ್ಟೋಕೂ ಆಗ್ತಿಲ್ವಲ್ಲ” ಅಂದ. ಒಂದೇ ಸಮನೆ ಮೂರು ಹೊಸ ಗ್ರಹಗಳಿಗೆ ಜನ ಕಳಿಸಿದ್ದ. ಆಳು ಸಿಗದಿದ್ದರೂ ಪಕ್ಕದ ತೋಟವನ್ನೂ ಕೊಂಡು ಹಾಕಿದ ಹಾಗಾಗಿತ್ತು. ಹೊಸ ವಸಾಹತು ಮೊದಲ ಕೆಲವು ವರ್ಷ ತಿನ್ನುವುದೇ ಜಾಸ್ತಿ, ಕೊಡುವುದು ಕಮ್ಮಿ.

ಒಂದು ಗ್ರಹ ತನ್ನ ಕಾಲ ಮೇಲೆ ತಾನು ನಿಂತ ನಂತರ ಇನ್ನೊಂದಕ್ಕೆ ಕೈ ಹಾಕಿ. ವಾಸಯೋಗ್ಯತೆಯ ಶೇಕಡಾವಾರು ನೋಡಿ, ಹಸಿರು ಬಣ್ಣದವನ್ನೇ ಆರಿಸಿ. ಯಾವುದೋ ಒಂದು ಸರಕು ಸ್ವಲ್ಪ ಕಡಿಮೆ ಬಿದ್ದರೆ ಆಟದೊಳಗಿನ ಮಾರುಕಟ್ಟೆಯಲ್ಲಿ ಕೊಳ್ಳಬಹುದು. ಕೊಂಡಷ್ಟೂ ಬೆಲೆ ಏರುತ್ತದೆ, ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ. ಗ್ರಹಗಳನ್ನು ತಾನೇ ನೋಡಿಕೊಳ್ಳುವ ಆಟೊಮೇಷನ್ ವ್ಯವಸ್ಥೆಯೂ ಇದೆ. ಭೂಮಿಯೊಂದನ್ನಾದರೂ ಕೈಯಾರೆ ನಡೆಸಿ, ಇಲ್ಲದಿದ್ದರೆ ಎಲ್ಲಿ ಏನು ಸೋರುತ್ತಿದೆ ಅಂತ ಗೊತ್ತೇ ಆಗುವುದಿಲ್ಲ.

ಇನ್‌ಫ್ಲುಯೆನ್ಸ್ ಬೇರೆ ಜಾತಿಯದು. ಅದು ಗಣಿಯಲ್ಲಿ ಸಿಗುವುದಿಲ್ಲ, ತಿಂಗಳಿಗೆ ಬೆರಳೆಣಿಕೆಯಷ್ಟು ಬರುತ್ತದೆ. ಪ್ರತಿ ಹೊರಠಾಣೆಗೂ ಅದು ಬೇಕು, ದೂರ ಹೋದಷ್ಟೂ ಜಾಸ್ತಿ ಬೇಕು. ಸಿಕ್ಕ ಸಿಕ್ಕ ನಕ್ಷತ್ರಕ್ಕೆ ಸುರಿಯಬೇಡಿ. ನಕ್ಷತ್ರಗಳನ್ನು ಜೋಡಿಸುವ ದಾರಿಗಳು ನಕಾಶೆಯಲ್ಲಿ ಗೆರೆಗಳಾಗಿ ಕಾಣುತ್ತವೆ. ಹಲವು ಗೆರೆ ಒಂದೇ ನಕ್ಷತ್ರದ ಮೂಲಕ ಹಾಯುವ ಜಾಗ ಹುಡುಕಿ, ಮೊದಲು ಅದನ್ನು ಹಿಡಿಯಿರಿ. ಅದರ ಹಿಂದಿನದು ಹೆಚ್ಚುಕಮ್ಮಿ ನಿಮ್ಮದೇ, ನಿಧಾನಕ್ಕೆ ತುಂಬಿಸಿಕೊಳ್ಳಬಹುದು.

ನೆರೆಹೊರೆ

ಸ್ವಲ್ಪ ಕಾಲದಲ್ಲೇ ಅನ್ಯಗ್ರಹದವರು ಎದುರಾಗುತ್ತಾರೆ. ಟಿಯಾಂಕಿ ಎಂಬ ತಿಮಿಂಗಿಲದಂಥ ಜೀವಿಗಳು ಸುಮ್ನೆ ತಮ್ಮ ಪಾಡಿಗೆ ಓಡಾಡಿಕೊಂಡಿರುತ್ತವೆ, ಕೆಣಕಬೇಡಿ. ಇನ್ನೊಂದು ಸಾಮ್ರಾಜ್ಯ ಸಿಕ್ಕರೆ ರಾಯಭಾರಿಯನ್ನು ಕಳಿಸಿ ಸಂಬಂಧ ಸುಧಾರಿಸಿ. ರಾಜತಾಂತ್ರಿಕ ಕಿಟಕಿಯಲ್ಲಿ ಅವರ ಬಲ ನಿಮಗೆ ಹೋಲಿಸಿದರೆ ಎಷ್ಟು ಎಂದು ಬರೆದಿರುತ್ತದೆ. ‘ಓವರ್‌ವೆಲ್ಮಿಂಗ್’ ಎಂದು ಕಂಡರೆ ವಿನಯದಿಂದಿರಿ. ಫಾಲನ್ ಎಂಪೈರ್ ಎಂಬ ಹಳೆಯ ದೊರೆಗಳಿದ್ದಾರೆ. ಅವರಿಗೆ ನಿಮ್ಮ ಮೇಲೆ ಆಸಕ್ತಿಯಿಲ್ಲ, ನಿಮಗೂ ಅವರ ಮೇಲೆ ಬೇಡ.

ಮೊದಲ ಆಟದಲ್ಲಿ ನೀವಾಗಿ ಯುದ್ಧ ಸಾರಬೇಡಿ. ಅವರೇ ಸಾರಿದರೆ ಪಡೆಯನ್ನು ಚೂರು ಚೂರಾಗಿ ಕಳಿಸದೆ ಒಟ್ಟಿಗೆ ಇಡಿ. ಆಗಲೇ ಹಿಡಿದಿಟ್ಟ ಆ ಇಕ್ಕಟ್ಟಿನ ಜಾಗದಲ್ಲಿ, ಠಾಣೆಯ ಫಿರಂಗಿಗಳ ಪಕ್ಕದಲ್ಲೇ ನಿಂತು ಕಾದಾಡಿ. ಎರಡೂ ಕಡೆಗೆ ಯುದ್ಧದ ದಣಿವು ಎಂಬ ಲೆಕ್ಕವಿದೆ. ಅದು 100 ಮುಟ್ಟಿದ ಕಡೆಯವರನ್ನು ಎದುರಾಳಿ ಇದ್ದ ಸ್ಥಿತಿಯಲ್ಲೇ ಸಂಧಿಗೆ ಒತ್ತಾಯಿಸಬಹುದು. ಸೋತರೂ ಸಾಮಾನ್ಯವಾಗಿ ನಾಲ್ಕಾರು ನಕ್ಷತ್ರ ಹೋಗುತ್ತವೆ, ಆಟ ಮುಗಿಯುವುದಿಲ್ಲ. ಹಾಗಾದಾಗ ಹಳೆಯ ಸೇವ್‌ಗೆ ಓಡಬೇಡಿ, ಉಳಿದದ್ದನ್ನು ಇಟ್ಟುಕೊಂಡೇ 2230ರವರೆಗೆ ಎಳೆಯಿರಿ. ಅಲ್ಲಿಗೆ ಮೇಲಂಚಿನ ಅಂಕಿಗಳು ಹಸಿರಾಗಿದ್ದರೆ ಎರಡನೇ ಆಟಕ್ಕೆ ಕಷ್ಟದ ಮಟ್ಟವನ್ನು ಒಂದು ಮೆಟ್ಟಿಲು ಏರಿಸಬಹುದು.