ಮಿಷನ್ ಸೇವೆಗೆ ಹೊರಡುವವರು ಮನಸ್ಸನ್ನು ಪರೀಕ್ಷಿಸಿಕೊಳ್ಳುವುದು ಹೇಗೆ?

ಮಳೆ ಹಿಡಿದು ನಿಂತು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿಗೆ ಸೇರಿದ, ಹುಡುಗ ಹುಡುಗಿಯರು ಹಳ್ಳಿ ಸೇವೆಗೆ ಹೆಸರು ಕೊಡುತ್ತಾರೆ. ತೀರ್ಥಹಳ್ಳಿ, ಹೊಸನಗರ ಕಡೆಯ ಒಂಟಿ ಮನೆಗಳಿಗೆ ಹೋಗುವ ಕೆಲಸ. ಅವರನ್ನು ತಯಾರು ಮಾಡುವುದು ನನ್ನ ಪಾಲಿಗೆ ಬಂದಿದೆ. ಪ್ರತಿ ವರ್ಷವೂ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಟೀಚರ್, ನನ್ನ ಉದ್ದೇಶ ಸರಿ ಇದೆಯೋ ಇಲ್ವೋ ಅಂತ ತಿಳಿಯೋದು ಹೇಗೆ?"

ಕಣ್ಣು ಮುಚ್ಚಿ ಕೂತು ಹುಡುಕಿದರೆ ತಿಳಿಯುವುದಿಲ್ಲ. ಮನಸ್ಸು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತದೆ. ಪ್ರಾರ್ಥನೆ ಮಾಡಿ, ಅದು ಬೇಕೇ ಬೇಕು. ಆದರೆ ಉದ್ದೇಶದ ಬಣ್ಣ ಗೊತ್ತಾಗುವುದು ಕೆಲಸದಲ್ಲಿ. ತಪ್ಪು ಆಸೆಗೆ ಅಲ್ಲಿ ಏನೂ ಸಿಗದ ಹಾಗೆ ಮೊದಲೇ ಏರ್ಪಾಡು ಮಾಡಿಕೊಳ್ಳಿ. ಹೇಗೆ ಅಂತ ಹೇಳುತ್ತೇನೆ.

ಹೊರಡುವ ಮುಂಚೆ ಒಂದು ಹಾಳೆ ತೆಗೆದುಕೊಂಡು ಯಾಕೆ ಹೋಗುತ್ತಿದ್ದೀರಿ ಅಂತ ಬರೆಯಿರಿ. ಚೆಂದದ ಕಾರಣ ಮಾತ್ರ ಅಲ್ಲ, ಎಲ್ಲವನ್ನೂ. ಗೆಳತಿ ಹೋಗುತ್ತಿದ್ದಾಳೆ, ಫಾದರ್ ಮೆಚ್ಚಲಿ, ಮನೆಯ ಕಿರಿಕಿರಿಯಿಂದ ನಾಲ್ಕು ದಿನ ತಪ್ಪಿಸಿಕೊಳ್ಳೋಣ, ಹೊಸ ಊರು ನೋಡೋಣ. ಇವೆಲ್ಲ ಇದ್ದರೆ ನೀವು ಕೆಟ್ಟವರೇನಲ್ಲ. ಬರೆದಿಟ್ಟರೆ ಮುಂದೆ ಎಲ್ಲಿ ಜಾರುತ್ತೀರಿ ಅಂತ ಗೊತ್ತಿರುತ್ತದೆ, ಅಷ್ಟೇ. ಊರು ಸುತ್ತುವ ಆಸೆಯೇ ಜಾಸ್ತಿ ಇದ್ದವರಿಗೆ ನಾನು ಫ್ರಾನ್ಸಿನ ಲಿಸಿಯೂನ ಸಂತ ತೆರೇಸಾರ ವಿಷಯ ಹೇಳುತ್ತೇನೆ. ಹದಿನೈದನೇ ವಯಸ್ಸಿಗೆ ಕಾರ್ಮೆಲ್ ಮಠ, ಅಂದರೆ ಹೊರಗೆ ಹೋಗದೆ ಪ್ರಾರ್ಥನೆಯಲ್ಲೇ ಇರುವ ಸನ್ಯಾಸಿನಿಯರ ಮಠ, ಸೇರಿದವರು. ಯಾವ ಮಿಷನ್ ನಾಡಿಗೂ ಹೋಗದೆ 1897ರಲ್ಲಿ, 24ನೇ ವಯಸ್ಸಿನಲ್ಲಿ, ಮಠದಲ್ಲೇ ತೀರಿಕೊಂಡರು. 1927ರಲ್ಲಿ ಪೋಪ್ ಅವರನ್ನು, ದೇಶ ದೇಶ ಸುತ್ತಿದ ಮಿಷನರಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಜೊತೆಗೆ, ಮಿಷನ್‌ಗಳ ಪಾಲಕಿ ಎಂದು ಸಾರಿದರು. ಇದನ್ನು ಕೇಳಿಯೂ ಹೋಗಬೇಕು ಅನ್ನಿಸಿದರೆ ಹೋಗಿ.

ಆಮೇಲೆ, ಇಬ್ಬಿಬ್ಬರಾಗಿ ಹೋಗಿ. ಯೇಸು ಶಿಷ್ಯರನ್ನು ಕಳಿಸಿದ್ದೂ ಹಾಗೆಯೇ. ಮುಖ ನೋಡಿ "ಇವತ್ತು ನೀನೇ ಜಾಸ್ತಿ ಮಾತಾಡಿದೆ" ಅಂತ ಹೇಳುವ ಜೊತೆಗಾರರನ್ನೇ ಆರಿಸಿಕೊಳ್ಳಿ. ಹಣಕಾಸಿನ ಲೆಕ್ಕವೂ ಇಬ್ಬರ ಕೈಯಲ್ಲಿರಲಿ. ಫೋಟೋ ಬೇಡ. ಕೊಡುವವರ ಫೋಟೋನೂ ಬೇಡ, ತೆಗೆದುಕೊಳ್ಳುವವರ ಫೋಟೋನೂ ಬೇಡ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಮತ್ತಾಯನ ಶುಭಸಂದೇಶದಲ್ಲಿ ಓದಿ, ಸಂಜೆ ಸ್ಟೇಟಸ್ ಹಾಕಿದರೆ ಏನು ಬಂತು?

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಏನು ಬೇಕು ಅಂತ ಮೊದಲು ಕೇಳಿ, ಆಮೇಲೆ ಕೊಡಿ.

ಡಿಸೆಂಬರ್‌ನಿಂದ ಮೇವರೆಗೆ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಉಣ್ಣೆ ಹುಳು ಕಚ್ಚಿ ಬರುವ ಜ್ವರ ಅದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದರೂ ಜ್ವರದ ಮನೆ ಅಂದರೆ ಜನ ಹಿಂಜರಿಯುತ್ತಾರೆ. ಕಾಡಂಚಿನ ಅಂಥ ಒಂದು ಮನೆಯಲ್ಲಿ ಮಗ ಮಲಗಿದ್ದ, ಅಜ್ಜಿ ಒಬ್ಬರೇ. ನಮ್ಮ ಹುಡುಗಿ ಅಕ್ಕಿ ಬೇಳೆಯ ಚೀಲ ಹೊತ್ತು ಹೋದಳು. ಅಜ್ಜಿ ಬೆಲ್ಲ ನೀರು ಕೊಟ್ಟು ಕೂರಿಸಿದರು. ಚೀಲದ ಕಡೆ ತಿರುಗಿಯೂ ನೋಡಲಿಲ್ಲ. "ಅಕ್ಕಿ ಇದೆ ಮಗಾ. ಇವನನ್ನ ಮೆಗ್ಗಾನ್ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಕೊಟ್ಟಿಗೆ ನೋಡೋರು ಯಾರು?" ಅಂದರು.

ಶಿವಮೊಗ್ಗ ಪೇಟೆಯಲ್ಲಿ ಬೆಳೆದ ಹುಡುಗಿ. ಅವಳೂ ಜೊತೆಗಾರ್ತಿಯೂ ಅಲ್ಲೇ ಉಳಿದರು. ಸಗಣಿ ಬಾಚಿದರು, ಅಕ್ಕಚ್ಚು ಇಟ್ಟರು. ಸೊಪ್ಪಿಗೆ ಅಂತ ಕಾಡಿಗೆ ಕಾಲಿಡಬೇಡಿ, ಉಣ್ಣೆ ಇದೆ ಅಂತ ಅಜ್ಜಿ ಹೇಳಿ ಹೋಗಿದ್ದರಿಂದ ದನದ ಕಾಲಡಿಗೆ ಒಣಹುಲ್ಲನ್ನೇ ಹಾಸಿದರು. ಮಗ ಗುಣವಾಗಿ ಬಂದ. ಆ ಮನೆಯವರು ಚರ್ಚಿಗೆ ಬರಲಿಲ್ಲ, ಬರಲಿ ಅಂತ ಯಾರೂ ಕೇಳಲೂ ಇಲ್ಲ. ನಾವು ಈಗಲೂ ಆ ಮನೆಗೆ ಹೋಗುತ್ತೇವೆ.

ಇಲ್ಲೇ ನಿಮ್ಮ ಪರೀಕ್ಷೆ ಇರುವುದು. "ಇವರು ನಮ್ಮವರಾಗುವುದಿಲ್ಲ" ಅಂತ ಖಚಿತವಾದ ದಿನವೂ ಆ ಮನೆಯ ಮೆಟ್ಟಿಲು ಹತ್ತಲು ಕಾಲು ಬರುತ್ತದಾ? ಬಂದರೆ ನೀವು ಹೋಗುತ್ತಿರುವುದು ಅವರಿಗಾಗಿ. ಲೂಕನ ಶುಭಸಂದೇಶದ 17ನೇ ಅಧ್ಯಾಯ ತೆಗೆದು ನೋಡಿ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು, ತಿರುಗಿ ಬಂದವನು ಒಬ್ಬ, ಅವನೂ ಯೆಹೂದ್ಯರು ಹೊರಗಿನವರೆಂದು ಕಾಣುತ್ತಿದ್ದ ಸಮಾರಿಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳಿದರು ನಿಜ. ಆದರೆ ಅವರಿಗೆ ಕೊಟ್ಟ ಆರೋಗ್ಯವನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಸಹಾಯಕ್ಕೆ ಪ್ರಾರ್ಥನೆಯ ಕೊಂಡಿ ಹಾಕಲೇಬೇಡಿ. "ಪ್ರಾರ್ಥನೆಗೆ ಬನ್ನಿ, ಆಮೇಲೆ ಔಷಧಿ ಕೊಡ್ತೀವಿ" ಅನ್ನುವುದು ಸೇವೆಯಲ್ಲ, ವ್ಯಾಪಾರ. ಇದು ನನ್ನೊಬ್ಬಳ ಮಾತಲ್ಲ. 1965ರ ಡಿಸೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಲೋಕದ ಕಥೋಲಿಕ ಬಿಷಪರು ಸೇರಿದ್ದ ಸಭೆ, ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಘೋಷಣೆ ಹೊರಡಿಸಿತು. ವಿಶ್ವಾಸವನ್ನು ಹರಡುವಾಗ ಬಲವಂತದ ಸುಳಿವೂ ಇರಬಾರದು, ಅದರಲ್ಲೂ ಬಡವರು, ಓದು ಬರಹ ಇಲ್ಲದವರ ಹತ್ತಿರ ಜಾಸ್ತಿ ಎಚ್ಚರ ಬೇಕು ಅಂತ ಅದರಲ್ಲಿದೆ. ಹಸಿದವರ "ಹೂಂ" ನಂಬುವಂಥದ್ದಲ್ಲ, ಅಲ್ವಾ? ಅದನ್ನು ಎಣಿಸಿಕೊಂಡು ಬಂದು ವರದಿ ಬರೆದರೆ ಅವರಿಗೂ ಅನ್ಯಾಯ, ದೇವರಿಗೂ ಅನ್ಯಾಯ.

ಹಾಗಂತ ನೀವು ಯಾರು ಅನ್ನುವುದನ್ನು ಮುಚ್ಚಿಡಲೂ ಬೇಡಿ. ಕೇಳಿದರೆ "ನಾವು ಚರ್ಚಿನವರು" ಅಂತ ಮೊದಲನೇ ದಿನವೇ ಹೇಳಿ. ಯಾಕೆ ಇದೆಲ್ಲ ಮಾಡ್ತೀರಿ ಅಂದರೆ ನಿಮ್ಮ ಮನಸ್ಸಿನಲ್ಲಿರುವುದನ್ನು ನಾಲ್ಕು ಮಾತಿನಲ್ಲಿ, ಮೆಲ್ಲಗೆ ಹೇಳಿ. ಇನ್ನೂ ಕೇಳಿದರೆ ಇನ್ನೂ ಹೇಳಿ. ಕೇಳದಿದ್ದರೆ ಸುಮ್ನೆ ಹುಲ್ಲು ಹಾಕಿ.

ಅವರು ಕೊಟ್ಟಿದ್ದನ್ನು ತೆಗೆದುಕೊಳ್ಳಿ. ಬೆಲ್ಲ ನೀರು, ಒಂದು ಗೊನೆ ಬಾಳೆಹಣ್ಣು, ಏನೇ ಇರಲಿ. ಕೊಡುವ ಕೈ ಯಾವಾಗಲೂ ನಮ್ಮದೇ ಆಗಿರಬೇಕು ಅನ್ನುವವರಿಗೆ ಬೇಕಾಗಿರುವುದು ದೊಡ್ಡಸ್ತಿಕೆ.

ಈ ವರ್ಷ ಹೋಗುವವರು ಡಿಸೆಂಬರ್ ಬರುವ ಮೊದಲೇ ಆ ಊರಿನ ಆಶಾ ಕಾರ್ಯಕರ್ತೆಯನ್ನು ಕಂಡು ಬನ್ನಿ. ಯಾವ ಮನೆಗೆ ಯಾವ ಕೆಲಸಕ್ಕೆ ಜನ ಬೇಕು ಅಂತ ಅವರಿಗೇ ಗೊತ್ತಿರುತ್ತದೆ. ಅವರು ಹೇಳಿದ ಮನೆಗೇ ಮೊದಲು ಹೋಗಿ.