ಜೀನ್ ರಿಪೋರ್ಟಿನ ಆ ಒಂದು ಸಾಲನ್ನು ಓದುವುದು ಹೇಗೆ?

ಜಯನಗರದ ನಮ್ಮ ಮನೆಗೆ ಕ್ಯಾನ್ಸರ್ ರಿಪೋರ್ಟ್ ಹಿಡಿದು ಬರುವವರಿದ್ದಾರೆ. ನಾನು ಡಾಕ್ಟರ್ ಅಲ್ಲ, ಕಾಲೇಜಿನಲ್ಲಿ ಜೀವರಸಾಯನ ಪಾಠ ಮಾಡಿದವಳು. ಕಳೆದ ವರ್ಷ ಒಬ್ಬ ಹುಡುಗ ಬಂದ. ಅವನ ತಂದೆಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ರಿಪೋರ್ಟಿನಲ್ಲಿದ್ದ 'ಕೆರಾಸ್' ಎಂಬ ಜೀನ್ ಹೆಸರನ್ನು ಫೋನಿನಲ್ಲಿ ಹುಡುಕಿದ್ದ. "ಮೇಡಂ, ಇದಕ್ಕೆ ಮಾತ್ರೆ ಬಂದಿದೆಯಂತೆ, ಅಲ್ವಾ?" ಅಂದ. ಬಂದಿರುವುದು ನಿಜ. 2021ರಲ್ಲಿ ಅಮೆರಿಕದಲ್ಲಿ ಸೊಟೊರಾಸಿಬ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಆದರೆ ಅದು ಶ್ವಾಸಕೋಶದ ಕ್ಯಾನ್ಸರಿನಲ್ಲಿ, ಕೆರಾಸ್‌ನ ಜಿ12ಸಿ ಬದಲಾವಣೆ ಇರುವವರಿಗೆ. ಅವನ ತಂದೆಯದು ಜಿ12ಡಿ. ಕೊನೆಯ ಒಂದು ಅಕ್ಷರ ಬೇರೆ. ಆ ಮುಖ ನೆನಪಿನಿಂದ ಹೋಗಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು. ರಿಪೋರ್ಟನ್ನು ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಕೂರಿ. ಫೋನಿನಲ್ಲಿ ಓದಬೇಡಿ, ಅಕ್ಷರ ತಪ್ಪುವುದು ಅಲ್ಲಿಯೇ.

ಎರಡು. ಸಾಲನ್ನು ಮೂರು ತುಂಡು ಮಾಡಿ. ಜೀನ್ ಹೇಳಿದಂತೆ ಕೋಶ ಪ್ರೋಟೀನ್ ಕಟ್ಟುತ್ತದೆ; ಪ್ರೋಟೀನ್ ಅಂದರೆ ಅಮೈನೊ ಆಮ್ಲಗಳೆಂಬ ಮಣಿಗಳ ಸರ. ಜಿ12ಡಿ ಅಂದರೆ, ಪ್ರೋಟೀನಿನ 12ನೇ ಜಾಗದಲ್ಲಿ ಗ್ಲೈಸಿನ್ ಇರಬೇಕಿತ್ತು, ಆಸ್ಪಾರ್ಟಿಕ್ ಆಮ್ಲ ಬಂದಿದೆ. ಮೊದಲ ಅಕ್ಷರ ಹಳೆಯ ಅಮೈನೊ ಆಮ್ಲ, ಕೊನೆಯದು ಹೊಸದು. ಕೊನೆಯಲ್ಲಿ ನಕ್ಷತ್ರ ಇದ್ದರೆ ಪ್ರೋಟೀನ್ ಅಲ್ಲಿಗೇ ತುಂಡಾಗಿದೆ ಎಂದರ್ಥ.

ಮೂರು. ಎಲ್ಲರೂ ಎಡವುವುದು ಇಲ್ಲಿ, ನಿಧಾನವಾಗಿ ಓದಿ. ಅಕ್ಷರ ಬದಲಾದರೆ ಏನಾಗುತ್ತದೆ ಎನ್ನುವುದನ್ನು ಅಕ್ಷರವೊಂದೇ ಹೇಳುವುದಿಲ್ಲ. 'ಹಾಲು' ಎನ್ನುವಲ್ಲಿ ಒಂದಕ್ಷರ ಬದಲಾದರೆ 'ಹಾಳು'. 'ಅಲ್ಲವಾ' ಎನ್ನುವುದು 'ಅಲ್ವಾ' ಆದರೆ ಏನೂ ಆಗುವುದಿಲ್ಲ. ಹಾಗಾಗಿ ಯಾವ ಜೀನ್, ಅದರಲ್ಲಿ ಯಾವ ಜಾಗ ಎಂದು ಮೊದಲು ನೋಡಿ.

ಕೆರಾಸ್ ನಮ್ಮ ಮನೆಯ ಸಂಪಿನ ಮೋಟಾರಿನ ಸ್ವಿಚ್ ಇದ್ದ ಹಾಗೆ. ಕೋಶಕ್ಕೆ 'ಬೆಳೆ' ಎಂದು ಹೇಳಿ, ಆಮೇಲೆ ತಾನೇ ಆಫ್ ಆಗಬೇಕು. ಗ್ಲೈಸಿನ್ ಅಮೈನೊ ಆಮ್ಲಗಳಲ್ಲೇ ಅತಿ ಚಿಕ್ಕದು. 12ನೇ ಜಾಗದಲ್ಲಿ ಅದಕ್ಕಿಂತ ದೊಡ್ಡದು ಬಂದು ಕೂತರೆ ಸ್ವಿಚ್ ಸರಿಯಾಗಿ ಆಫ್ ಆಗುವುದಿಲ್ಲ. ಟ್ಯಾಂಕ್ ತುಂಬಿ ಸುರಿಯುತ್ತಿದ್ದರೂ ಮೋಟಾರ್ ಓಡುತ್ತಲೇ ಇರುತ್ತದೆ. ಸೊಟೊರಾಸಿಬ್ ಅಂಟಿಕೊಳ್ಳುವುದು ಜಿ12ಸಿಯಲ್ಲಿ ಗ್ಲೈಸಿನ್ ಜಾಗಕ್ಕೆ ಹೊಸದಾಗಿ ಬಂದ ಸಿಸ್ಟೀನ್ ಎಂಬ ಅಮೈನೊ ಆಮ್ಲಕ್ಕೆ. ಜಿ12ಡಿಯಲ್ಲಿ ಆ ಸಿಸ್ಟೀನ್ ಇಲ್ಲ, ಮಾತ್ರೆಗೆ ಹಿಡಿತವೂ ಇಲ್ಲ.

ಬಿ-ರಾಫ್ ಜೀನಿನ ವಿ600ಇ ಕೂಡ ಹೀಗೆ ಆನ್ ಆಗಿ ಸಿಕ್ಕಿಕೊಂಡ ಸ್ವಿಚ್. ಇಂಥ ಜೀನ್‌ಗಳಲ್ಲಿ ಮ್ಯುಟೇಶನ್‌ಗಳು, ಅಂದರೆ ಈ ಬದಲಾವಣೆಗಳು, ಕೆಲವೇ ಜಾಗಗಳಲ್ಲಿ ಗುಂಪಾಗಿರುತ್ತವೆ, ಯಾಕೆಂದರೆ ಸ್ವಿಚ್ಚನ್ನು ಆನ್‌ನಲ್ಲೇ ಸಿಕ್ಕಿಸಲು ದಾರಿಗಳು ಕಡಿಮೆ.

ಟಿಪಿ53 ಎಂಬ ಜೀನ್ ಬೇರೆ ಥರ. ಅದು ಕಾವಲುಗಾರ. ಡಿಎನ್‌ಎ ಕೆಟ್ಟಾಗ ಕೋಶ ಬೆಳೆಯದಂತೆ ತಡೆಯುವುದು ಅದರ ಕೆಲಸ. ಕೆಡಿಸುವ ದಾರಿ ನೂರಾರು, ಹಾಗಾಗಿ ಅದರ ಮ್ಯುಟೇಶನ್‌ಗಳು ಪ್ರೋಟೀನಿನ ಉದ್ದಕ್ಕೂ ಹರಡಿರುತ್ತವೆ. ಆದರೂ 175, 248, 273ನೇ ಜಾಗಗಳು ಮತ್ತೆ ಮತ್ತೆ ಬರುತ್ತವೆ. ಮೂರರಲ್ಲೂ ಕಳೆದುಹೋಗುವುದು ಆರ್ಜಿನಿನ್ ಎಂಬ ಅಮೈನೊ ಆಮ್ಲ. 248 ಮತ್ತು 273ರ ಆರ್ಜಿನಿನ್ ಡಿಎನ್‌ಎಯನ್ನು ನೇರವಾಗಿ ಹಿಡಿಯುತ್ತದೆ. 175ರದ್ದು ಹೋದರೆ ಪ್ರೋಟೀನಿನ ಆಕಾರವೇ ಕುಸಿಯುತ್ತದೆ.

ಯಾಕೆ ಆರ್ಜಿನಿನ್ನೇ? ಡಿಎನ್‌ಎಯಲ್ಲಿ ಅದನ್ನು ಬರೆಯುವ ಮೂರಕ್ಷರದ ಆರು ಕೋಡ್‌ಗಳಲ್ಲಿ ನಾಲ್ಕು 'ಸಿಜಿ'ಯಿಂದ ಶುರುವಾಗುತ್ತವೆ. ಇಲ್ಲಿ ಸಿ, ಜಿ, ಟಿ ಅಂದರೆ ಡಿಎನ್‌ಎಯ ಅಕ್ಷರಗಳು, ಅಮೈನೊ ಆಮ್ಲಗಳಲ್ಲ. ಜಿ ಪಕ್ಕದ ಸಿ ಮೇಲೆ ಕೋಶ ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ಗುರುತು ಹಾಕುತ್ತದೆ. ಗುರುತಿರುವ ಸಿ, ಯಾರ ತಪ್ಪೂ ಇಲ್ಲದೆ, ಕೆಲವೊಮ್ಮೆ ಟಿ ಆಗಿಬಿಡುತ್ತದೆ. "ನಾನು ಏನು ತಿಂದು ಹೀಗಾಯಿತು?" ಎಂದು ಕೇಳುವವರಿಗೆ ಇದನ್ನು ನಾನು ಮೊದಲು ಹೇಳುತ್ತೇನೆ.

ನಾಲ್ಕು. ಪಕ್ಕದಲ್ಲಿ 40% ಎಂದಿದ್ದರೆ ಕ್ಯಾನ್ಸರ್ 40% ಹರಡಿದೆ ಎಂದಲ್ಲ. ಆ ಜಾಗದಲ್ಲಿ ಓದಿದ ಡಿಎನ್‌ಎ ಪ್ರತಿಗಳಲ್ಲಿ ಅಷ್ಟರಲ್ಲಿ ಬದಲಾವಣೆ ಸಿಕ್ಕಿದೆ, ಅಷ್ಟೇ.

ಐದು. 'ಅರ್ಥ ಖಚಿತವಿಲ್ಲ' ಎಂದು ಬರೆದ ಸಾಲುಗಳಿಗೆ ಪೆನ್ಸಿಲಿನಿಂದ ಗೀಟು ಹಾಕಿ ಪಕ್ಕಕ್ಕಿಡಿ. ಅವುಗಳ ಮೇಲೆ ಚಿಕಿತ್ಸೆ ನಿರ್ಧರಿಸಬಾರದು. ಸಿಫ್ಟ್, ಪಾಲಿಫೆನ್, ಆಲ್ಫಾಮಿಸ್‌ಸೆನ್ಸ್ ಥರದ, ಬದಲಾವಣೆ ಹಾನಿಕರವೇ ಎಂದು ಊಹಿಸುವ ಕಂಪ್ಯೂಟರ್ ಅಂಕಗಳನ್ನು ತೋರಿಸಿ ಗಾಬರಿ ಪಡುವವರಿದ್ದಾರೆ. 'ಹಾನಿಕರ' ಎನ್ನುವ ಅಂಕ ಸ್ವಿಚ್ ಆನ್ ಆಗಿ ಸಿಕ್ಕಿಕೊಂಡಿದೆಯೋ ಪೂರ್ತಿ ಕೆಟ್ಟಿದೆಯೋ ಹೇಳುವುದಿಲ್ಲ. ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂದಂತೂ ಹೇಳುವುದೇ ಇಲ್ಲ. ರಿಪೋರ್ಟಿನ ಫೋಟೋ ಹಾಕಿದರೆ ಅರ್ಥ ಹೇಳುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಅವು ಅಂಗದ ಹೆಸರು ಕೇಳದೆ ಉತ್ತರ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ.

ಆರು. ಅಂಗ ಯಾವುದು ಎಂದು ಬರೆದುಕೊಳ್ಳಿ. ವಿ600ಇ ಇರುವ ಚರ್ಮದ ಮೆಲನೋಮಾಗೆ ವೆಮುರಾಫೆನಿಬ್ ಚೆನ್ನಾಗಿ ಹಿಡಿಯುತ್ತದೆ. ಅದೇ ವಿ600ಇ ದೊಡ್ಡ ಕರುಳಿನಲ್ಲಿದ್ದರೆ ಆ ಮಾತ್ರೆಯೊಂದೇ ಸಾಲದು. ಕೋಶ ಇಜಿಎಫ್‌ಆರ್ ಎಂಬ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ, ಅದನ್ನೂ ಮುಚ್ಚಬೇಕು.

ಏಳು. ಡಾಕ್ಟರಿಗೆ ಸಾಲನ್ನು ಪೂರ್ತಿ ಓದಿ ಹೇಳಿ, ಅಂಗದ ಹೆಸರಿನ ಜೊತೆಗೆ: "ಶ್ವಾಸಕೋಶ, ಇಜಿಎಫ್‌ಆರ್, ಎಲ್858ಆರ್. ಇದಕ್ಕೆ ಔಷಧಿ ಇದೆಯಾ?" ಇನ್ನೂ ಒಂದು ಕೇಳಿ: ಔಷಧಿ ನಾಟದೆ ಹೋದಾಗ ಮತ್ತೆ ಟೆಸ್ಟ್ ಯಾವಾಗ? ಇಜಿಎಫ್‌ಆರ್‌ನಲ್ಲಿ ಹಳೆಯ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರುವಾಗ ಟಿ790ಎಂ ಎಂಬ ಹೊಸ ಬದಲಾವಣೆ ಬರುವುದುಂಟು, ಅದಕ್ಕೆ ಒಸಿಮರ್ಟಿನಿಬ್ ಇದೆ.

ಬಯಾಪ್ಸಿಯ ತುಂಡನ್ನು ಕೂರಿಸಿದ ಮೇಣದ ಬ್ಲಾಕನ್ನು ಲ್ಯಾಬಿನಿಂದ ವಾಪಸ್ ಕೊಟ್ಟರೆ ಜೋಪಾನ ಮಾಡಿ. ಹಳೆಯ ತುಂಡಿನಲ್ಲಿ ಏನಿತ್ತು ಎಂದು ಮತ್ತೆ ನೋಡಬೇಕಾದರೆ ಅದೇ ಬೇಕು. ಬಿಸಿಲಿಗೆ ಮೇಣ ಕರಗುತ್ತದೆ, ಕಾರಿನಲ್ಲಿ ಬಿಟ್ಟು ಹೋಗಬೇಡಿ.