ಎದೆ ತುಂಬಾ ಉಸಿರು: ರೇಡಿಯೇಷನ್‌ಗೆ ಬರುವವರನ್ನು ನಾನು ತಯಾರು ಮಾಡುವ ರೀತಿ

ಎಡ ಸ್ತನದ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವಾಗ ನಮಗೆ ಹೃದಯದ್ದೇ ಚಿಂತೆ. ಅದು ಎದೆಗೂಡಿನ ಮುಂಭಾಗಕ್ಕೆ ತೀರಾ ಹತ್ತಿರ ಇರುತ್ತದೆ. ಎದೆ ತುಂಬಾ ಉಸಿರು ತೆಗೆದುಕೊಂಡು ಹಿಡಿದರೆ ಶ್ವಾಸಕೋಶ ಉಬ್ಬುತ್ತದೆ, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆಳಗಿಳಿಯುತ್ತದೆ, ಹೃದಯ ಕಿರಣದ ದಾರಿಯಿಂದ ಸರಿಯುತ್ತದೆ. ಹೃದಯಕ್ಕೆ ಬೀಳುವ ಸರಾಸರಿ ಡೋಸ್ ಒಂದು ಗ್ರೇ (ರೇಡಿಯೇಷನ್ ಅಳೆಯುವ ಮಾನ) ಜಾಸ್ತಿಯಾದರೆ ಮುಂದೆ ಹೃದಯಾಘಾತದಂಥ ತೊಂದರೆಯ ಸಾಧ್ಯತೆ, ಮೊದಲು ಇದ್ದುದಕ್ಕಿಂತ ಶೇ. 7.4ರಷ್ಟು ಏರುತ್ತದೆ ಎಂದು 2013ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ತೋರಿಸಿತು. ಹಾಗಾಗಿ ಕಿರಣ ಬರುವಾಗ ಇಪ್ಪತ್ತು ಸೆಕೆಂಡು ಹಿಡಿಯುವ ಆ ಉಸಿರು ನನಗೆ ಬಹಳ ಮುಖ್ಯ.

ನಾನು ಮೈಸೂರಿನಲ್ಲಿ ರೇಡಿಯೇಷನ್ ಟೆಕ್ನಾಲಜಿಸ್ಟ್. ಮಂಡ್ಯ, ಮದ್ದೂರು, ಹುಣಸೂರು ಕಡೆಯಿಂದ ಬಸ್ಸಿನಲ್ಲಿ ಬರುವವರೇ ಜಾಸ್ತಿ. ಚಿಕಿತ್ಸೆಯ ಯೋಜನೆ ಹಾಕಲು ಮಾಡುವ ಸಿಟಿ ಸ್ಕ್ಯಾನ್ ದಿನವೇ ಮೊದಲ ಸಲ ಉಸಿರು ಹಿಡಿಯಿರಿ ಎಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಅದಕ್ಕೇ ಒಂದು ವಾರ ಮುಂಚೆಯೇ ಕೂರಿಸಿಕೊಂಡು ಹೇಳಿಕೊಡುತ್ತೇನೆ.

ಮೊದಲು ಭಯ ಹೋಗಬೇಕು. ಮದ್ದೂರು ಕಡೆಯ ಒಬ್ಬ ಅಮ್ಮ ಸೊಸೆಯ ಕೈ ಬಿಗಿಯಾಗಿ ಹಿಡಿದುಕೊಂಡು ಕೇಳಿದ್ದರು: "ಅಲ್ಲಾ ಕಣವ್ವ, ಮಧ್ಯದಲ್ಲಿ ಉಸ್ರು ಬಿಟ್ಬುಟ್ರೆ ಕರೆಂಟು ಹೃದಯಕ್ಕೇ ಹೊಡ್ದ್‌ಬುಡಲ್ವಾ?"

"ಇಲ್ಲ ಅಮ್ಮಾ, ನೀವು ಬಿಟ್ಟ ತಕ್ಷಣ ಮಿಷಿನ್ನೇ ನಿಂತುಹೋಗುತ್ತೆ. ಮತ್ತೆ ಉಸಿರು ತಗೊಂಡ ಮೇಲೇ ಶುರು."

ಅವರ ಎದೆಮೂಳೆಯ ಕೆಳತುದಿಯಲ್ಲಿ ನಾವಿಡುವ ಪುಟ್ಟ ಡಬ್ಬಿಯನ್ನು ಕೈಗೇ ಕೊಟ್ಟೆ. ಕ್ಯಾಮೆರಾ ನೋಡುವುದು ಇದನ್ನೇ, ಎದೆ ಗೊತ್ತಾದ ಎತ್ತರದಲ್ಲಿ ಇದ್ದರೆ ಮಾತ್ರ ಕಿರಣ ಬರುತ್ತದೆ ಎಂದೆ. ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಸೊಸೆಯ ಕೈ ಆಗ ಬಿಟ್ಟರು.

ಆಮೇಲೆ ಅಭ್ಯಾಸ. ಕೂತು ಮಾಡಿದರೆ ಉಪಯೋಗವಿಲ್ಲ. ಅಂಗಾತ ಮಲಗಿ, ಕೈ ಎರಡೂ ತಲೆಯ ಮೇಲೆ. ಆಪರೇಷನ್ ಆದ ಕಡೆಯ ಭುಜ ಮೇಲೇಳದಿದ್ದರೆ ಫಿಸಿಯೋಥೆರಪಿಯವರ ಹತ್ತಿರ ಮೊದಲೇ ಕಳಿಸುತ್ತೇನೆ. ಉಸಿರು ಎದೆಗೆ ಹೋಗಬೇಕು, ಹೊಟ್ಟೆಗಲ್ಲ. ಇಲ್ಲಿ ಪ್ರಾಣಾಯಾಮ ಮಾಡುವವರು ತುಂಬಾ ಜನ. ಅವರು ಚೆನ್ನಾಗಿ ಹಿಡಿಯುತ್ತಾರೆ, ಆದರೆ ಎಷ್ಟೋ ಸಲ ಹೊಟ್ಟೆ ಉಬ್ಬಿಸಿ ಹಿಡಿಯುತ್ತಾರೆ. ಅಂಥವರಿಗೇ ನಾನು ಜಾಸ್ತಿ ಹೊತ್ತು ಕೊಡುವುದು. ಪಕ್ಕದಲ್ಲಿರುವವರು ಒಂದು ಕೈ ಎದೆ ಮೇಲೆ, ಇನ್ನೊಂದು ಹೊಟ್ಟೆ ಮೇಲೆ ಹಗುರವಾಗಿ ಇಟ್ಟರೆ ಯಾವುದು ಏಳುತ್ತಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಹೊಳೆಯಲ್ಲಿ ಮುಳುಗು ಹಾಕುವಾಗಿನ ಹಾಗೆ ಕೆನ್ನೆ ಉಬ್ಬಿಸಿ, ಕತ್ತು ಬಿಗಿದು ಹಿಡಿಯಬೇಡಿ ಎನ್ನುತ್ತೇನೆ. ಬೆನ್ನು ಹಾಸಿಗೆ ಬಿಟ್ಟು ಏಳಬಾರದು. ಆದಷ್ಟೂ ಗಾಳಿ ತುಂಬಿಕೊಳ್ಳುವ ಪೈಪೋಟಿಯೂ ಬೇಡ. ಪ್ರತಿ ಸಲ ಅಷ್ಟೇ ಎತ್ತರಕ್ಕೆ ಬರುವ ಆರಾಮದ ಉಸಿರು ಸಾಕು. ಮಿಷಿನ್ ರೂಮಿನ ಸ್ಪೀಕರ್‌ನಲ್ಲಿ ಹೇಳುವ ಮಾತನ್ನೇ ಈಗಲೂ ಹೇಳುತ್ತೇನೆ: "ಉಸಿರು ತಗೊಳ್ಳಿ, ಬಿಡಿ. ಈಗ ಎದೆ ತುಂಬಾ ತಗೊಳ್ಳಿ, ಹಿಡ್ಕೊಳ್ಳಿ." ಮನೆಯವರ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಡುತ್ತೇನೆ, ನನ್ನ ದನಿ ಅವರಿಗೆ ರೂಢಿಯಾಗಲಿ ಎಂದು. ಮೊದಲು ಹತ್ತು ಎಣಿಸುವವರೆಗೆ, ನಿಧಾನಕ್ಕೆ ಇಪ್ಪತ್ತು. ತಲೆ ಸುತ್ತಿದರೆ ನಿಲ್ಲಿಸಬೇಕು. ಮುದ್ದೆ ಉಂಡ ತಕ್ಷಣ ಬೇಡ, ಹೊಟ್ಟೆ ಬಿಗಿದಿರುತ್ತದೆ.

ಕೆಲವರಿಗೆ ಎಷ್ಟು ಮಾಡಿದರೂ ಆಗುವುದಿಲ್ಲ. ಉಬ್ಬಸ ಇರಬಹುದು, ಕೆಮ್ಮು ಇರಬಹುದು, ಕಿವಿ ಕೇಳಿಸದೇ ಇರಬಹುದು. ಅವರ ಮೇಲೆ ಒತ್ತಡ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಬೋರಲು ಮಲಗಿಸಿ ಕೊಡುವುದು, ಹೃದಯದ ಭಾಗಕ್ಕೆ ಕಿರಣ ಬೀಳದ ಹಾಗೆ ಮಿಷಿನ್ನಿನಲ್ಲೇ ಅಡ್ಡ ಕಟ್ಟುವುದು, ಹೀಗೆ ಬೇರೆ ದಾರಿಗಳಿವೆ. ಅದನ್ನು ಡಾಕ್ಟರ್ ಮತ್ತು ಡೋಸ್ ಲೆಕ್ಕ ಹಾಕುವ ಫಿಸಿಸಿಸ್ಟ್ ಸ್ಕ್ಯಾನ್ ನೋಡಿ ತೀರ್ಮಾನಿಸುತ್ತಾರೆ. ಆದರೆ ಆಗುವುದಿಲ್ಲ ಎಂದು ಗೊತ್ತಾಗಬೇಕಾದದ್ದು ಸ್ಕ್ಯಾನ್ ಟೇಬಲ್ ಮೇಲಲ್ಲ, ಅದಕ್ಕೂ ಮುಂಚೆ.